ಬೆನ್ನ ಮೇಲಿನ ಹೊಲಿಗೆ

ದೇವರು ಬೆಟ್ಟ ಮಾಡಿದಾಗ ಅದಕ್ಕೆ ಒಂದೇ ಬೆನ್ನು ಇಟ್ಟ. ಆ ಬೆನ್ನ ಮೇಲೆ ಗೆರೆ ಎಳೆದವರು ಆಮೇಲೆ ಬಂದರು. ಅವರು ಬೆಟ್ಟ ಹತ್ತಿ ಎಳೆಯಲಿಲ್ಲ. ದೂರದ ಯಾವುದೋ ಊರಿನಲ್ಲಿ ಮೇಜಿನ ಮೇಲೆ ಕಾಗದ ಹರಡಿಕೊಂಡು, ಬಹುಶಃ ಊಟವಾದ ಮೇಲೆ ಎಳೆದರು. ಹಾಗಾಗಿ ಗೆರೆ ಬೆಟ್ಟದ ನೆತ್ತಿಯಲ್ಲಿದ್ದ ಹಳೆಯ ಸುಂಕದ ಕೋಣೆಯ ನಟ್ಟನಡುವೆ ಹಾದುಹೋಯಿತು. ಒಲೆ ಆ ಕಡೆಗೆ ಹೋಯಿತು, ನೀರಿನ ಹಂಡೆ ಈ ಕಡೆಗೆ ಉಳಿಯಿತು. ಒಂದು ಲೋಟ ಚಹಾ ಬೇಕೆಂದರೂ ಎರಡು ದೇಶ ಒಪ್ಪಬೇಕು.

ಕೋಣೆಗೆ ಎರಡು ಬಾಗಿಲು, ಒಂದೊಂದು ಕಡೆಗೆ ಒಂದೊಂದು. ನೆಲದ ಮೇಲೆ ಅಂಗೈ ಅಗಲದ ಹಳದಿ ಪಟ್ಟಿ. ಅದರ ಮೇಲೆ ಅಡ್ಡಲಾಗಿ ಒಂದು ಉದ್ದನೆಯ ಮೇಜು, ಎರಡು ಕಾಲು ಅಲ್ಲಿ, ಎರಡು ಕಾಲು ಇಲ್ಲಿ. ಈ ಬೆಟ್ಟದಲ್ಲಿ ಪಾಸ್‌ಪೋರ್ಟ್ ಇಲ್ಲದೆ ಎರಡು ದೇಶದಲ್ಲಿ ನಿಂತಿರುವ ಪ್ರಾಣಿ ಇದೊಂದೇ ಎಂದು ಬಾಗಿಲ ಕಾವಲುಗಾರರು ಹೇಳಿ ನಗುತ್ತಿದ್ದರು. ವರ್ಷಕ್ಕೊಮ್ಮೆ, ಚಳಿ ಇಳಿದ ಮೇಲಿನ ಮೊದಲ ಸೋಮವಾರ, ಹತ್ತು ಗಂಟೆಯಿಂದ ಮೂರರವರೆಗೆ ಅಲ್ಲಿ ಬೆಟ್ಟ ಉಳಿಸುವ ಜಂಟಿ ಸಮಿತಿಯ ಸಭೆ. ನಿಯಮ ಒಂದೇ: ಯಾರ ಪಾದವೂ ಹಳದಿ ಪಟ್ಟಿ ದಾಟಕೂಡದು. ಕೈಯ ಬಗ್ಗೆ ನಿಯಮದಲ್ಲಿ ಏನೂ ಬರೆದಿರಲಿಲ್ಲ. ಬರೆದವನಿಗೆ ಅಕ್ಕತಂಗಿಯರು ಇರಲಿಲ್ಲವೋ ಏನೋ.

ಈ ಕಡೆಯ ಊರಿನ ದರ್ಜಿ ಹೆಂಗಸು ಸಮಿತಿ ಸೇರಿದ್ದೇ ಆ ಕೈಗಾಗಿ. ಕಣಿವೆ ದಾರಿ ತೆರೆದಿದ್ದ ಕಾಲದಲ್ಲಿ ಅವಳ ತಂಗಿಯನ್ನು ಆ ಕಡೆಗೆ ಕೊಟ್ಟಿದ್ದರು. ಊಟ ಮುಗಿಸಿ ಹೊರಟರೆ ಸಂಜೆಯ ಚಹಾಕ್ಕೆ ತಂಗಿಯ ಮನೆ. ಹನ್ನೊಂದು ವರ್ಷದ ಹಿಂದೆ ದೊಡ್ಡವರು ದೊಡ್ಡ ಊರಿನಲ್ಲಿ ಜಗಳವಾಡಿದರು, ದಾರಿ ಮುಚ್ಚಿತು. ಫೋನು ಗೆರೆ ದಾಟದು. ಕಾಗದ ಹಾಕಿದರೆ ಎರಡು ರಾಜಧಾನಿ ಸುತ್ತಿ, ಎರಡು ಸಲ ಒಡೆಸಿಕೊಂಡು, ಹೆರಿಗೆಯ ಸುದ್ದಿ ಮಗುವಿಗೆ ಹಲ್ಲು ಬಂದ ಮೇಲೆ ತಲುಪಿತು. ಆ ಮಗುವಿಗೆ ಈಗ ಹನ್ನೊಂದು. ದೊಡ್ಡಮ್ಮ ಅದರ ಮುಖ ಕಂಡಿಲ್ಲ, ಅಳತೆ ಮಾತ್ರ ಕಂಡಿದ್ದಾಳೆ.

ಹೀಗಿರುವಾಗ ಬೆಟ್ಟದಲ್ಲಿ ಚಿರತೆ ಕಡಿಮೆಯಾಗುತ್ತಿದೆ ಎಂದು ಯಾರಿಗೋ ಚಿಂತೆ ಹತ್ತಿತು. ಮನುಷ್ಯರ ನಂಟು ಕಡಿದದ್ದಕ್ಕೆ ಆಗದ ಚಿಂತೆ ಚಿರತೆಗೆ ಆಯಿತು. ದೇವರ ದಾರಿ ಯಾವ ಸಂದಿಯಲ್ಲಿ ನುಗ್ಗುತ್ತದೋ ಹೇಳಲಾಗದು. ಎರಡೂ ಕಡೆಯ ಹಳ್ಳಿಯವರು ಸೇರಿ ಬೆಟ್ಟ ಕಾಯಬೇಕು, ಸಮಿತಿಯಲ್ಲಿ ಹೆಂಗಸರೂ ಇರಬೇಕು ಎಂದರು. "ಅಷ್ಟೆತ್ತರ ಹತ್ತೋಕೆ ಯಾರು ಬರ್ತೀರಿ?" ಎಂದು ಕೇಳಿದವರ ಬಾಯಿ ಮುಚ್ಚುವ ಮೊದಲೇ ದರ್ಜಿಯ ಕೈ ಮೇಲಿತ್ತು. ಆ ಕಡೆಯ ಊರಿನಲ್ಲಿ ಅವಳ ತಂಗಿ ಎರಡೂ ಕೈ ಎತ್ತಿದ್ದಳಂತೆ.

ಅಂದಿನಿಂದ ದರ್ಜಿ ದಿನವೂ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವ ಮೊದಲು ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದಳು. "ದೇವರೇ, ಚಿರತೆಗೆ ಆಯಸ್ಸು ಕೊಡು. ಅದೇನೂ ಒಳ್ಳೇದಲ್ಲ. ನನ್ನ ಎರಡು ಆಡು ತಿಂದಿದೆ, ನಿಂಗೂ ಗೊತ್ತು. ಆದ್ರೂ ಕೊಡು. ಅದು ಹೋದ್ರೆ ನನ್ನ ತಂಗಿ ಹೋದ ಹಾಗೆ." ಇಷ್ಟು ನೆಟ್ಟಗಿನ ಪ್ರಾರ್ಥನೆ ದೇವರಿಗೂ ಅಪರೂಪ. ಅವನು ಕೇಳಿಸಿಕೊಂಡಿರಲೇಬೇಕು; ಆರು ತಿಂಗಳಲ್ಲಿ ಚಿರತೆ ಮೂರನೆಯ ಆಡನ್ನೂ ತಿಂದಿತು.

ಸಮಿತಿಯ ಕೆಲಸ ಸುಳ್ಳೇನೂ ಅಲ್ಲ. ಆರು ವರ್ಷದಲ್ಲಿ ಎರಡೂ ಕಡೆಯವರು ಕುರಿದೊಡ್ಡಿಗಳಿಗೆ ತಂತಿಬಲೆಯ ಸೂರು ಹಾಕಿದ್ದರು. ಕಾಡುಮೇಕೆಗೆಂದು ಒಡ್ಡಿದ್ದ ಉರುಳುಗಳನ್ನು ಕಿತ್ತು ರಾಶಿ ಹಾಕಿದ್ದರು. ಮರಿ ಹಾಕುವ ಎರಡು ತಿಂಗಳು ಬೆಟ್ಟದ ಬೆನ್ನಿನ ಹುಲ್ಲನ್ನು ಕಾಡುಮೇಕೆಗೇ ಬಿಟ್ಟಿದ್ದರು. ಆದರೆ ಪಕ್ಕದ ಮನೆಯವರ ಮೇಲಿನ ಗುಮಾನಿ ಮಾತ್ರ ಉರುಳಿನ ಹಾಗೆ ಕಿತ್ತು ಎಸೆಯುವಂಥದ್ದಲ್ಲ.

ಅದು ಬೇರು ಬಿಟ್ಟದ್ದು ಕ್ಯಾಮೆರಾದಲ್ಲಿ. ಚಿರತೆ ಎಣಿಸಲು ಎರಡೂ ಕಡೆಗೆ ಹತ್ತು ಹತ್ತು ಕ್ಯಾಮೆರಾ ಕೊಟ್ಟಿದ್ದರು. ಮುಂದೆ ಏನಾದರೂ ಹಾದರೆ ತಾನೇ ಚಿತ್ರ ಹಿಡಿಯುವಂಥವು. ಲೆಕ್ಕದ ಮೇಡಂ, ಅಂದರೆ ಎರಡೂ ಕಡೆಯವರು ಒಪ್ಪಿ ನೇಮಿಸಿದ ಪ್ರಾಣಿತಜ್ಞೆ, ಮಂಡಿ ಎತ್ತರಕ್ಕೆ ಕಟ್ಟಿ, ದಾರಿಯ ಎರಡೂ ಬದಿಗೆ ಕಟ್ಟಿ ಎಂದು ಬಿಡಿಸಿ ಹೇಳಿದ್ದಳು. ಬೆಟ್ಟದ ಬೆನ್ನಿನ ಕಾಲುದಾರಿ ಅರ್ಧ ಈ ಕಡೆ ಹಾದು, ಆಮೇಲೆ ಗೆರೆ ದಾಟಿ ಅರ್ಧ ಆ ಕಡೆ ಹಾಯುತ್ತದೆ. ಈ ಕಡೆಯವರು ತಮ್ಮ ಅರ್ಧದಲ್ಲಿ ಎಲ್ಲ ಕ್ಯಾಮೆರಾಗಳನ್ನೂ ಊರಿಗೆ ಬೆನ್ನು ಮಾಡಿ, ಗಡಿಯ ಕಡೆ ಮುಖ ಮಾಡಿ ಕಟ್ಟಿದರು. ಚಿರತೆಯೂ ಸಿಗಲಿ, ಚಿರತೆಯ ಜೊತೆ ಆ ಕಡೆಯ ಕಳ್ಳನೂ ಸಿಗಲಿ ಎಂದು. ಆ ಕಡೆಯವರೂ ತಮ್ಮ ಅರ್ಧದಲ್ಲಿ ಥೇಟ್ ಹಾಗೇ, ಈ ಕಡೆ ಮುಖ ಮಾಡಿ ಕಟ್ಟಿದರು. ಕದ್ದುಬಿಟ್ಟಾರೆಂದು ಇಬ್ಬರೂ ಮಂಡಿ ಎತ್ತರ ಬಿಟ್ಟು ಆಳೆತ್ತರಕ್ಕಿಂತ ಮೇಲೆ ಬಿಗಿದರು. ಒಬ್ಬರನ್ನೊಬ್ಬರು ಕೇಳದೆಯೇ ಅಷ್ಟು ಒಮ್ಮತದಿಂದ ಆ ಸಮಿತಿ ಬೇರೇನನ್ನೂ ಮಾಡಿರಲಿಲ್ಲ.

ಈ ಸಲದ ಸೋಮವಾರ ದರ್ಜಿ ಕೋಣೆಗೆ ಬಂದಾಗ ತಂಗಿ ಆಗಲೇ ಮೇಜಿನ ಆಚೆ ಕೂತು ಒಲೆಗೆ ಊದುತ್ತಿದ್ದಳು.

"ಬಂದ್ಯಾ? ಇನ್ನೂ ದಪ್ಪ ಆಗಿದೀಯ."

"ನೀನು ಒಣಗಿದೀಯ. ನಿನ್ನ ಗಂಡ ಊಟ ಹಾಕಲ್ವಾ?"

ಇಷ್ಟಾದ ಮೇಲೆ ಇಬ್ಬರೂ ಮೇಜಿನ ಮೇಲಿಂದ ಕೈ ಹಿಡಿದುಕೊಂಡರು. ಆಮೇಲೆ ದರ್ಜಿ ಚೀಲದಿಂದ ಕೋಟು ತೆಗೆದಳು. ಹಸಿರು ಉಣ್ಣೆಯದು, ಒಳಗೆ ಮೆತ್ತನೆಯ ಅಸ್ತರು, ಮರದ ಗುಂಡಿ. ತಂಗಿ ತೋಳನ್ನು ಬೆರಳಲ್ಲಿ ಅಳೆದಳು. ಅಳೆದು ಮಡಚಿದಳು.

"ಗಿಡ್ಡ ಆಯ್ತಾ?"

"ಗಿಡ್ಡ ಏನಿಲ್ಲ, ಎರಡು ಬೆರಳು."

"ಎರಡಾ?"

"ನಾಲ್ಕು. ಅಕ್ಕ, ನೀನು ಪ್ರತಿ ವರ್ಷ ಹೋದ ವರ್ಷದ ಹುಡುಗಿಗೆ ಹೊಲೀತೀಯ. ಅವಳು ಈ ವರ್ಷದವಳು." ತಂಗಿ ಸೆರಗಿನ ಗಂಟಿನಿಂದ ಒಂದು ದಾರದ ಉಂಡೆ ತೆಗೆದಳು. ಭುಜದಿಂದ ಮಣಿಕಟ್ಟಿಗೆ ಒಂದು ಗಂಟು, ಕತ್ತಿನಿಂದ ಸೊಂಟಕ್ಕೆ ಎರಡು ಗಂಟು. "ತಗೋ, ಹೊಸ ಅಳತೆ. ಮುಂದಿನ ವರ್ಷಕ್ಕೆ ಇದೂ ಹಳೇದು."

ಹೀಗೆ ಐದು ಕೋಟು ಹಾಕಿಕೊಳ್ಳದೆ ಪೆಟ್ಟಿಗೆಯಲ್ಲಿದ್ದವು. ಇದು ಆರನೆಯದು.

ಸಭೆ ಶುರುವಾಯಿತು. ಈ ಕಡೆಯ ಅಧ್ಯಕ್ಷ ಹಿಟ್ಟಿನ ಗಿರಣಿಯವನು. ವರ್ಷವಿಡೀ ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ, ಗುಟ್ಟನ್ನೂ ಡಂಗುರದ ಹಾಗೇ ಹೇಳುವವನು. ಆ ಕಡೆಯ ಅಧ್ಯಕ್ಷರು ನಿವೃತ್ತ ಮೇಷ್ಟ್ರು. ಯಾರು ತಪ್ಪು ಮಾಡಿದರೂ ಅವರ ಬೆರಳು ತನ್ನಷ್ಟಕ್ಕೆ ಮೇಜಿನ ಮೇಲೆ ಬೆತ್ತ ಹುಡುಕುತ್ತಿತ್ತು. ಲೆಕ್ಕದ ಮೇಡಂ ಹಳದಿ ಪಟ್ಟಿಯ ಮೇಲೆ, ಯಾವ ದೇಶಕ್ಕೂ ಸೇರದ ಒಂದು ಸ್ಟೂಲಿನಲ್ಲಿ ಕೂತು ಚಿತ್ರಗಳನ್ನು ಹರಡಿದಳು. ಈ ಕಡೆಯ ಚಿತ್ರಗಳು ಈ ಕಡೆ, ಆ ಕಡೆಯವು ಆ ಕಡೆ.

"ಈ ಕಡೆ ಏಳು ಚಿರತೆ. ಆ ಕಡೆ ಎಂಟು," ಎಂದಳು.

"ಒಟ್ಟು ಹದಿನೈದು!" ಗಿರಣಿಯವನು ಮೇಜು ಗುದ್ದಿದ. "ಮೇಷ್ಟ್ರೇ, ಶಿಳ್ಳೆ ಹೊಡೀರಿ!"

"ಎಂಟು ನಮ್ಮದು ಅನ್ನೋದು ನೆನಪಿರಲಿ," ಎಂದರು ಮೇಷ್ಟ್ರು. "ಅದರಲ್ಲೂ ನಮ್ಮ ಎಂಟನೇದು ನೋಡಿ. ಹಿರಿಯ ಗಂಡು. ಏನು ಗಾತ್ರ, ಏನು ಗಾಂಭೀರ್ಯ! ದೊಡ್ಡದು ಮಾಡಿಸಿ ಊರ ಬಾಗಿಲ ಫಲಕದ ಮೇಲೆ ಹಾಕಿಸಿದೀನಿ."

ಗಿರಣಿಯವನಿಗೆ ಆ ಒಂದು ಹೆಚ್ಚಿನ ಚಿರತೆ ಗಂಟಲಲ್ಲಿ ಸಿಕ್ಕಿದ ಮುಳ್ಳು. ಅವನೂ ಊರ ಬಾಗಿಲಲ್ಲಿ "ನಮ್ಮ ಏಳು" ಎಂದು ಬರೆಸಿದ್ದ, ಅಂಕಿಯ ಪಕ್ಕ ಸ್ವಲ್ಪ ಜಾಗ ಬಿಡಿಸಿ.

ಮೇಡಂ ಕನ್ನಡಕ ಒರೆಸಿಕೊಂಡಳು. "ಇನ್ನೊಂದು ವಿಷಯ ಇದೆ. ಮೇಲಿನ ಕಚೇರಿಯಿಂದ ಪತ್ರ ಬಂದಿದೆ." ಓದಿದಳು. ಚಿರತೆಗಳ ಎರಡು ಪಟ್ಟಿಗಳಲ್ಲಿ ಒಂದೇ ಒಂದು ಪ್ರಾಣಿಯೂ ಹೊಂದುತ್ತಿಲ್ಲ. ಗಡಿ ದಾಟುವ ಪ್ರಾಣಿ ಇಲ್ಲವೆಂದ ಮೇಲೆ ಜಂಟಿ ಸಮಿತಿಯ ಅಗತ್ಯವಿರುವುದಿಲ್ಲ. ಮುಂದಿನ ವರ್ಷದಿಂದ ಆಯಾ ಕಡೆಯವರು ಆಯಾ ಊರಿನಲ್ಲೇ ಸಭೆ ನಡೆಸತಕ್ಕದ್ದು. ಬೆಟ್ಟದ ಕೋಣೆಗೆ ಬೀಗ ಹಾಕತಕ್ಕದ್ದು.

"ಒಳ್ಳೇದಾಯ್ತು ಬಿಡಿ," ಎಂದ ಗಿರಣಿಯವನು. "ಹತ್ತೋ ಕಷ್ಟ ತಪ್ಪಿತು."

ತಂಗಿ ಲೋಟ ಕೆಳಗಿಟ್ಟಳು. ದರ್ಜಿ ಅವಳ ಕಡೆ ನೋಡಲಿಲ್ಲ. ನೋಡಿದರೆ ಸಭೆಯಲ್ಲಿ ಇಬ್ಬರೂ ಅಳಬೇಕಾಗುತ್ತಿತ್ತು. ದಾರದ ಉಂಡೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಒಳಗೊಳಗೇ ದೇವರಿಗೆ ಬೈದಳು. ಮೂರು ಆಡು ತಿನ್ನಿಸಿ ಹೀಗಾ ಮಾಡೋದು ನೀನು?

ದೇವರು ಉತ್ತರ ಕೊಡುವುದು ಎದುರಿಗಿರುವ ವಸ್ತುವಿನಲ್ಲಿ. ದರ್ಜಿಯ ಎದುರಿಗೆ ಚಿತ್ರಗಳಿದ್ದವು. ಚುಕ್ಕೆ, ಚುಕ್ಕೆ, ಚುಕ್ಕೆ. ಮೂವತ್ತು ವರ್ಷ ಛಾಪಿನ ಬಟ್ಟೆ ಕತ್ತರಿಸಿದವಳ ಕಣ್ಣು ಅಳುವ ಹೊತ್ತಿನಲ್ಲೂ ಚುಕ್ಕೆ ಎಣಿಸುತ್ತದೆ.

"ಮೇಡಂ," ಎಂದಳು ದರ್ಜಿ, "ನಮ್ಮ ಚಿತ್ರದಲ್ಲೆಲ್ಲ ಚಿರತೆಯ ಬಲ ಮಗ್ಗುಲೇ ಇದೆಯಲ್ಲ?"

"ಹೌದಮ್ಮ. ಅವರದ್ದರಲ್ಲಿ ಎಲ್ಲ ಎಡ ಮಗ್ಗುಲು. ಅದೇ ತೊಂದರೆ. ನೀವು ಕ್ಯಾಮೆರಾ ಕಟ್ಟಿದ ಚೆಂದ ಹಾಗಿದೆ."

"ಚಿರತೆ ಹೋಗುವಾಗ ಬೆಟ್ಟದ ಬೆನ್ನು, ಬರುವಾಗ ಹಳ್ಳ," ಎಂದಳು ತಂಗಿ. "ಕೋಪ ಮಾಡ್ಕೊಂಡು ಎದ್ದ ಅಳಿಯನ ಹಾಗೆ. ಹೋದ ದಾರೀಲಿ ವಾಪಸ್ ಬರಲ್ಲ."

"ಗೊತ್ತು," ಎಂದಳು ಮೇಡಂ. "ಎರಡು ಮಗ್ಗುಲಿನ ಚುಕ್ಕೆ ಬೇರೆ ಬೇರೆ ಇರುತ್ತೆ. ಈ ಬಲ, ಆ ಎಡ ಒಂದೇ ಮೈಯದು ಇರಬಹುದು ಅಂತ ನನಗೂ ಅನ್ನಿಸುತ್ತೆ. ಅನ್ನಿಸಿದ್ದನ್ನ ಬರೆಯೋ ಹಾಗಿಲ್ಲ. ಸಾಕ್ಷಿ ಬೇಕು."

ಅಕ್ಕ ಈಗ ತಂಗಿಯನ್ನು ನೋಡಿದಳು. ಅವರ ಅಮ್ಮನೂ ಬಟ್ಟೆ ಹೊಲಿಯುತ್ತಿದ್ದಳು. ರವಿಕೆಯ ಎಡಭಾಗ ಒಬ್ಬಳಿಗೆ, ಬಲಭಾಗ ಇನ್ನೊಬ್ಬಳಿಗೆ ಕತ್ತರಿಸಲು ಕೊಡುತ್ತಿದ್ದಳು. ಬೆನ್ನಿನ ಹೊಲಿಗೆಯಲ್ಲಿ ಒಂದು ಚುಕ್ಕೆ ಜಾರಿದರೂ ಎರಡನ್ನೂ ಬಿಚ್ಚಿ ಇಬ್ಬರ ತಲೆಗೂ ಒಂದೊಂದು ಮೊಟಕುತ್ತಿದ್ದಳು. "ಮಗ್ಗುಲು ನೋಡಬೇಡ್ರೇ," ಎನ್ನುತ್ತಿದ್ದಳು. "ಮಗ್ಗುಲು ಸುಳ್ಳು ಹೇಳುತ್ತೆ. ಬೆನ್ನು ನೋಡಿ."

"ಬಾಲದ ಬುಡ," ಎಂದಳು ದರ್ಜಿ.

"ಅರ್ಧ ಬಳೆ," ಎಂದಳು ತಂಗಿ, ಆಗಲೇ ತನ್ನ ಕಡೆಯ ಚಿತ್ರಗಳನ್ನು ಕೆದಕುತ್ತ. "ಒಂದು ಕಡೆ ಹರಿದ ಹಾಗಿರೋದು. ಇಗೋ."

ಕ್ಯಾಮೆರಾ ಅಷ್ಟು ಎತ್ತರಕ್ಕೆ ಕಟ್ಟಿದ್ದರಿಂದ ಪ್ರತಿ ಚಿತ್ರದಲ್ಲೂ ಚಿರತೆಯ ಬೆನ್ನು ಮೇಲಿಂದ ಕಾಣುತ್ತಿತ್ತು. ಮೇಡಂ ಹೇಳಿದಂತೆ ಮಂಡಿ ಎತ್ತರಕ್ಕೆ ಕಟ್ಟಿದ್ದರೆ ಕಾಣುತ್ತಿರಲಿಲ್ಲ. ತಂಗಿ ಒಂದು ಚಿತ್ರವನ್ನು ಗೆರೆಯ ಮೇಲಿಂದ ದಬ್ಬಿದಳು. ದರ್ಜಿ ಸೊಂಟದಿಂದ ಕತ್ತರಿ ತೆಗೆದಳು.

"ಅಮ್ಮ, ಅದು ಕಚೇರಿ ಸ್ವತ್ತು!" ಎಂದಳು ಮೇಡಂ. ಅಷ್ಟರಲ್ಲಿ ಕಚೇರಿ ಸ್ವತ್ತು ಬೆನ್ನುಗೆರೆಯ ಉದ್ದಕ್ಕೂ ಎರಡಾಗಿತ್ತು.

ದರ್ಜಿ ಬಲ ಮಗ್ಗುಲನ್ನೂ ಎಡ ಮಗ್ಗುಲನ್ನೂ ಬೆನ್ನಿಗೆ ಬೆನ್ನು ಸೇರಿಸಿದಳು. ಬಾಲದ ಬುಡದ ಅರ್ಧ ಬಳೆಗೆ ಇನ್ನರ್ಧ ಕೂಡಿತು. ಅದರ ಮುಂದೆ ಮೂರು ಚುಕ್ಕೆ, ಒಂದು ಒಡೆದದ್ದು, ಎರಡು ಅಂಟಿಕೊಂಡದ್ದು. ಒಂದೊಂದರ ಅರ್ಧ ಇತ್ತ, ಅರ್ಧ ಅತ್ತ. ಗೆರೆ ಎಳೆದವರಿಗೆ ಗೊತ್ತಿಲ್ಲದ ಹೊಲಿಗೆ ಅಲ್ಲಿತ್ತು. ಮೇಡಂ ಭೂತಗನ್ನಡಿ ಹಿಡಿದು ನೋಡಿದಳು. ತೆಗೆದು ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು.

"ಇನ್ನೊಂದು ಮಾಡಿ," ಎಂದಳು ಸಣ್ಣ ದನಿಯಲ್ಲಿ.

ಅಕ್ಕತಂಗಿಯರು ಒಂದು ಗಂಟೆಯಲ್ಲಿ ಏಳನ್ನೂ ಹೊಂದಿಸಿದರು. ನಡುವೆ ಒಮ್ಮೆ ಮಾತ್ರ, "ಅದಲ್ಲ ಕಣೇ, ನಿನಗೆ ಚಿಕ್ಕಂದಿನಿಂದ ಎಡ ಬಲ ಗೊತ್ತಾಗಲ್ಲ," ಎಂದು ಜಗಳವಾಯಿತು.

ಗಿರಣಿಯವನ ಮುಖ ಬರಬರುತ್ತ ಉಬ್ಬಿತು. "ಏನಮ್ಮಾ, ಹದಿನೈದಿದ್ದ ಚಿರತೆನ ಏಳು ಮಾಡಿಬಿಟ್ಟೆಯಲ್ಲ! ಬೇಟೆಗಾರನೂ ಒಂದು ದಿನಕ್ಕೆ ಇಷ್ಟು ಹೊಡೆಯಲ್ಲ."

"ಇದ್ದದ್ದೇ ಏಳು, ಅಣ್ಣ."

"ನಮ್ಮ ಏಳು ಅಂತ ಫಲಕ ಬರೆಸಿದೀನಿ. ಈಗ ಅವರದೂ ಅದೇ ಏಳು ಅಂದ್ರೆ ನಮ್ಮದು ಅಂತ ಏನುಳೀತು? ಬಾಲವಾ?"

ಪಟ್ಟಿ ತಿದ್ದಲು ಇಬ್ಬರು ಅಧ್ಯಕ್ಷರ ಸಹಿಯೂ ಬೇಕು ಎಂದಳು ಮೇಡಂ. ಇವತ್ತೇ, ಮೂರು ಗಂಟೆಯೊಳಗೆ. ನಾಳೆಯಿಂದ ಈ ಕೋಣೆಯೇ ಇರುವುದಿಲ್ಲ. ಮೇಷ್ಟ್ರು ಸ್ವಲ್ಪ ಯೋಚಿಸಿ, "ನಮ್ಮ ಎಂಟನೇದಕ್ಕೆ ಜೋಡಿ ಸಿಕ್ಕಿಲ್ಲ ತಾನೇ?" ಎಂದು ಕೇಳಿದರು. ಸಿಕ್ಕಿಲ್ಲ ಎಂದಾಗ ಅವರಿಗೆ ಏಳರಲ್ಲಿ ಪಾಲು ಕೊಡುವುದು ಕಷ್ಟವೆನಿಸಲಿಲ್ಲ. ಒಂದು ಹೆಚ್ಚು ಉಳಿಯಿತಲ್ಲ. ಸಹಿ ಹಾಕಿದರು. ಗಿರಣಿಯವನು ಕೈಕಟ್ಟಿ ಕೂತ. "ನಾನು ಹಾಕಲ್ಲ. ಸಾಯೋವರೆಗೂ ಹಾಕಲ್ಲ."

ಗೋಡೆಯ ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಮೇಜಿನ ಮೇಲೆ ಜೋಡಿಯಿಲ್ಲದೆ ಉಳಿದದ್ದು ಹಿರಿಯ ಗಂಡಿನ ಚಿತ್ರವೊಂದೇ. ನಸುಕಿನ ಮಬ್ಬಿನಲ್ಲಿ, ಪೊದೆಯ ಹಿಂದೆ ಕುಕ್ಕರಿಸಿದ ಒಂದು ದಪ್ಪ ಚುಕ್ಕೆ ಬೆನ್ನು. ತಲೆ ಕಾಣದು, ಬಾಲವೂ ಕಾಣದು. ದರ್ಜಿ ಸುಮ್ಮನೆ ಅದನ್ನು ಎಳೆದುಕೊಂಡಳು. ನೋಡಿದಳು. ಒಂದು ಗೇಣಿಗೆ ಒಂದೇ ಆಕಾರದ ಚುಕ್ಕೆ ಮತ್ತೆ ಬಂದಿತ್ತು. ಇನ್ನೊಂದು ಗೇಣಿಗೆ ಇನ್ನೊಮ್ಮೆ.

ದೇವರು ಒಮ್ಮೆ ಇಟ್ಟ ಚುಕ್ಕೆಯನ್ನು ಹಾಗೇ ಇನ್ನೊಮ್ಮೆ ಇಡುವುದಿಲ್ಲ. ಇಡುವುದು ಬಟ್ಟೆ ಕಾರ್ಖಾನೆ.

ಕೆಳಗೆ ನೋಡಿದಳು. ಚಿರತೆಗೆ ಅಂಚು ಇತ್ತು. ಎರಡು ಬೆರಳಗಲದ ಪಟ್ಟಿ, ಮೂಲೆಯಲ್ಲಿ ಅಡ್ಡಾದಿಡ್ಡಿ ಹೊಲಿಗೆ. ಹೋದ ಚಳಿಗಾಲ ಕಂದು ದಾರ ಮುಗಿದಿತ್ತೆಂದು ಬಿಳಿ ದಾರದಲ್ಲಿ ಅದನ್ನು ಹೊಲಿದವಳು ಅವಳೇ.

ದರ್ಜಿ ಕುರ್ಚಿಯನ್ನು ಗಿರಣಿಯವನ ಪಕ್ಕಕ್ಕೆ ಎಳೆದುಕೊಂಡಳು.

"ಅಣ್ಣ," ಎಂದಳು ಪಿಸುಮಾತಿನಲ್ಲಿ, "ನಿಮ್ಮ ಸೊಸೆ ತಂದುಕೊಟ್ಟ ಚುಕ್ಕೆ ಕಂಬಳಿ ಹೇಗಿದೆ? ಅಂಚು ಬಿಟ್ಟಿಲ್ಲ ತಾನೇ?"

"ಈಗ ಕಂಬಳಿ ಮಾತ್ಯಾಕೆ?"

"ಅದನ್ನ ಹೊದ್ಕೊಂಡು ಗಡಿ ದಾಟಿ ಹೋಗಿದ್ರಾ?"

ಗಿರಣಿಯವನು ಬಾಯಿ ತೆರೆದ. ಜೀವಮಾನದಲ್ಲಿ ಮೊದಲ ಸಲ ಅದರಿಂದ ಸದ್ದು ಬರಲಿಲ್ಲ. ಚಿತ್ರ ನೋಡಿದ. ಕಾವಲುಗಾರರ ಕಡೆ ನೋಡಿದ. ಮತ್ತೆ ಚಿತ್ರ ನೋಡಿದ.

"ಅವರು ನಮ್ಮ ಕ್ಯಾಮೆರಾ ಕದೀತಾರೇನೋ ಅಂತ ನಸುಕಲ್ಲಿ ನೋಡೋಕೆ ಹೋಗಿದ್ದೆ," ಎಂದ, ಅವನ ಮಟ್ಟಿಗೆ ಪಿಸುಗುಟ್ಟಿ. "ಚಳಿಗೆ ಹೊಟ್ಟೆ ಕೆಟ್ಟಿತ್ತು. ಪೊದೆ ಕಂಡಿತು. ಪೊದೆ ಯಾವ ದೇಶದ್ದು ಅಂತ ಆ ಹೊತ್ತಲ್ಲಿ ಯಾರು ಕೇಳ್ತಾರೆ ತಾಯಿ?"

"ಯಾರೂ ಕೇಳಲ್ಲ. ಆದ್ರೆ ಮೇಷ್ಟ್ರು ಫಲಕದ ಮೇಲೆ ಹಾಕಿಸಿದಾರಂತೆ. ದೊಡ್ಡದು ಮಾಡಿಸಿ."

ಗಿರಣಿಯವನು ಹಣೆ ಒರೆಸಿಕೊಂಡ. "ಹೇಳಿಬಿಡ್ತೀಯಾ?"

"ದರ್ಜಿ ಹತ್ತಿರ ಊರವರ ಸೊಂಟದ ಅಳತೆಯೆಲ್ಲ ಇರುತ್ತೆ ಅಣ್ಣ. ಇವತ್ತಿನವರೆಗೆ ಯಾರದ್ದಾದ್ರೂ ಹೇಳಿದೀನಾ?" ಎಂದು ದರ್ಜಿ ಪೆನ್ನು ಮುಂದಿಟ್ಟಳು. "ಇವತ್ತಿನವರೆಗೆ."

ಎರಡು ಗಂಟೆ ಐವತ್ತು ನಿಮಿಷಕ್ಕೆ ಈ ಕಡೆಯ ಅಧ್ಯಕ್ಷರ ಸಹಿ ಬಿತ್ತು. ಬೆಟ್ಟ ಒಂದು, ಚಿರತೆ ಏಳು, ಏಳೂ ಇಬ್ಬರವು ಎಂದು ನಡಾವಳಿಯಲ್ಲಿ ದಾಖಲಾಯಿತು. ಮೇಡಂ ಹಿರಿಯ ಗಂಡಿನ ಚಿತ್ರವನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದಳು. ಆಮೇಲೆ ದರ್ಜಿಯನ್ನು ನೋಡಿದಳು. ದರ್ಜಿ ಸೂರು ನೋಡುತ್ತಿದ್ದಳು. "ಎಂಟನೆಯದು: ಚಿತ್ರ ಅಸ್ಪಷ್ಟ, ಲೆಕ್ಕಕ್ಕಿಲ್ಲ," ಎಂದು ಬರೆದಳು ಮೇಡಂ.

"ಲೆಕ್ಕಕ್ಕಿಲ್ಲದಿದ್ರೂ ನಮ್ಮದೇ," ಎಂದರು ಮೇಷ್ಟ್ರು. "ಫಲಕ ತೆಗೆಯಲ್ಲ."

"ಬೇಡ ಬೇಡ, ಇಟ್ಕೊಳ್ಳಿ," ಎಂದ ಗಿರಣಿಯವನು. ಆ ಔದಾರ್ಯಕ್ಕೆ ಮೇಷ್ಟ್ರಿಗೆ ಕಣ್ಣು ತುಂಬಿ ಬಂತು.

ಮೇಡಂ ಕೊನೆಗೊಂದು ಸಾಲು ಸೇರಿಸಿದಳು. ಮಗ್ಗುಲು ಹೊಂದಿಸುವ ಕೆಲಸ ವರ್ಷಕ್ಕೊಮ್ಮೆ ಆಗುವಂಥದ್ದಲ್ಲ; ಇನ್ನು ಮುಂದೆ ಮೂರು ತಿಂಗಳಿಗೊಮ್ಮೆ ಎರಡೂ ಕಡೆಯ ದರ್ಜಿಯರು ಇದೇ ಕೋಣೆಯಲ್ಲಿ ಕೂತು ಮಾಡತಕ್ಕದ್ದು. ತಂಗಿ ದರ್ಜಿಯಲ್ಲ, ಹಾಲು ಮಾರುವವಳು. ಅದನ್ನು ಯಾರೂ ಹೇಳಲಿಲ್ಲ.

"ವರ್ಷಕ್ಕೆ ನಾಲ್ಕು ಸಲ ಹತ್ತಬೇಕಾ?" ತಂಗಿ ಒಲೆಗೆ ನೀರು ಹಾಕುತ್ತ ಗೊಣಗಿದಳು. "ನನ್ನ ಮಂಡಿ ನೋಡಿದೀಯಾ? ನಿನ್ನ ಮುಖ ಒಂದು ಸಲ ನೋಡಿದ್ರೇ ಸಾಕಿತ್ತು." ಹೇಳುತ್ತ ಹೇಳುತ್ತ ಅಕ್ಕನ ಕೈ ಬಿಡಲಿಲ್ಲ. ಹೊಗೆಯಿಂದ ಇಬ್ಬರ ಕಣ್ಣಲ್ಲೂ ನೀರು. ಒಲೆ ಆರಿತ್ತು ಎನ್ನುವುದು ಬೇರೆ ಮಾತು.

"ಮೂರು ತಿಂಗಳಿಗೆ ಎಷ್ಟು ಬೆಳೀತಾಳೆ?" ಎಂದು ಕೇಳಿದಳು ದರ್ಜಿ, ದಾರದ ಉಂಡೆ ಬಿಚ್ಚಿ.

"ಅರ್ಧ ಬೆರಳು."

"ಹಾಗಿದ್ರೆ ಒಂದು ಬೆರಳು ಬಿಟ್ಟು ಹೊಲೀತೀನಿ. ಹಾಕ್ಕೊಂಡು ನೋಡು ಅಂತ ಹೇಳು. ಒಂದು ಸಲವಾದ್ರೂ ದೊಡ್ಡಮ್ಮನ ಕೋಟು ದೊಡ್ಡದಾಗಲಿ."

ಇಳಿಯುವ ದಾರಿಯಲ್ಲಿ ಗಿರಣಿಯವನು ದರ್ಜಿಯ ಮುಂದೆ ಮುಂದೆ ನಡೆದ. ಊರಿನ ಫಲಕ ಕಂಡಾಗ ನಿಂತ. "ನಾಳೆ ಕಂಬಳಿ ತಂದುಕೊಡ್ತೀನಿ," ಎಂದ. "ಕತ್ತರಿಸಿ ಬೇರೆ ಏನಾದ್ರೂ ಮಾಡಿಬಿಡು. ದಿಂಬೋ, ಚೀಲವೋ."

"ಆಗಲ್ಲ ಅಣ್ಣ," ಎಂದಳು ದರ್ಜಿ. "ಸರ್ಕಾರ ಕಾಯ್ದಿಟ್ಟ ಪ್ರಾಣಿ ಅದು. ಕತ್ತರಿ ಹಾಕಿದ್ರೆ ಇಬ್ಬರಿಗೂ ಜೈಲು."